ಜಗಲಿ ಗೋಡೆಯ ಕಲೆ

ಮಾನ್ಯ ಮೋಹನ್‌ಕುಮಾರ್ ಅವರಿಗೆ,

ಗೋಡೆ ತೊಳೆಯುವ ಗೌತಮನ ನಮಸ್ಕಾರ.

ನೀವು ರಾಮನಾಥಪುರದ ಹೊಗೆಸೊಪ್ಪಿನ ಹರಾಜಿನಲ್ಲಿರುವಾಗ ಇಲ್ಲಿ ಹೊಳೆನರಸೀಪುರದ ನಿಮ್ಮ ಮನೆಯ ಹೊರಗೋಡೆಗಳೆಲ್ಲ ಬೆಳ್ಳಗಾಗಿವೆ. ಜಗಲಿಯ ಕಲೆ ಮಾತ್ರ ಹೋಗಿಲ್ಲ. ತೀರಿಕೊಂಡ ನಿಮ್ಮ ತಂದೆಯವರು ಎಣ್ಣೆ ಹಚ್ಚಿದ ತಲೆ ಒರಗಿಸಿ ಕೂರುತ್ತಿದ್ದರಲ್ಲ, ಅದೇ ಜಾಗ. ತೊಳೆದಾಗ ಮಾಯವಾಗುತ್ತದೆ, ಮರುದಿನ ಬಂದರೆ ಹಾಜರಿರುತ್ತದೆ. ನೀರು ಚಿಮ್ಮಿಸುವ ಯಂತ್ರದ ಪ್ರೆಶರ್ ಏರಿಸಿದಷ್ಟೂ ನನ್ನದೇ ಏರಿತು. ನಿಮ್ಮ ಮನೆಯವರು ಧನ್ಯಾ ಅವರಂತೂ "ಮಾವ ಇನ್ನೂ ಓಗಿಲ್ಲ ಕಣಣ್ಣಾ" ಎಂದು ಹಿಂಬಾಗಿಲಿನಿಂದಲೇ ಓಡಾಡುತ್ತಿದ್ದರು.

ಇಂದು ಶನಿವಾರ, ಬೇಗನೆ ಬಂದೆ. ನಿಮ್ಮ ತಾಯಿ ದೊಡ್ಡತಾಯಮ್ಮನವರು ಬಟ್ಟಲು ಹಿಡಿದು, ನೆತ್ತಿಗೆ ತಟ್ಟುವ ಹಾಗೆಯೇ ಮೆಲ್ಲಗೆ, ಗೋಡೆಗೆ ಹರಳೆಣ್ಣೆ ತಟ್ಟುತ್ತಿದ್ದರು.

"ಏನಮ್ಮಾ, ನನ್ನ ಹೊಟ್ಟೆ ಮೇಲೆ ಹೊಡೀತೀರಾ?" ಎಂದು ತಮಾಷೆ ಮಾಡಿದೆ. ಅವರು ನಗಲಿಲ್ಲ.

"ನೀನು ನೀರು ಬಿಟ್ಟಾಗಿಂದ್ಲೂ ನೆತ್ತಿ ಉರೀತದೆ ಅಂತಾವ್ರೆ ನಮ್ಮೆಜಮಾನ್ರು. ಮುಟ್ನೋಡು ಕಣಪ್ಪಾ."

ಮುಟ್ಟಿದೆ. ಬಿಸಿಲೇ ಬೀಳದ ಜಗಲಿ, ಅದರ ಮೇಲೆ ಬೆಳಗಿನ ಚಳಿ. ಆದರೂ ಆ ಅಂಗೈಯಗಲದ ಜಾಗ ಬೆಚ್ಚಗಿತ್ತು.

ಅದನ್ನು ಇನ್ನು ನಾನು ತೊಳೆಯುವುದಿಲ್ಲ. ಬಣ್ಣ ಬಳಿಯುವವರಿಗೂ ಅಷ್ಟು ಬಿಟ್ಟು ಬಳಿಯಲು ಹೇಳಿ. ಎಣ್ಣೆ ಹಚ್ಚುವುದು ಅಮ್ಮ ಎಂದು ಧನ್ಯಾ ಅವರಿಗೆ ತಿಳಿಸಿದೆ. ನಕ್ಕು ಮುಂಬಾಗಿಲಿಗೆ ಬಂದರು. ಗೋಡೆ ಬೆಚ್ಚಗಿದ್ದುದನ್ನು ಹೇಳಿಲ್ಲ, ನೀವೂ ಹೇಳಬೇಡಿ.

ಬಟ್ಟಲಿನಲ್ಲಿ ಎಣ್ಣೆ ತಳ ಕಂಡಿದೆ. ಬರುವ ಶನಿವಾರದೊಳಗೆ ದಯವಿಟ್ಟು ತನ್ನಿ.

ಇಂತಿ ನಿಮ್ಮ,
ಗೌತಮ್
ಹಾಸನ