ಶನಿವಾರದ ಇನ್ನೂರ ಅರವತ್ತು

ಮಾರ್ಚ್ 3, ಸೋಮವಾರ. ಬೆಳಗ್ಗೆ 6
ಊದಿದೆ. 370. ಆಪ್‌ಗೆ ಹಾಕಿದೆ. ಎರಡು ವಾರದಿಂದ ಎದ್ದ ಕೂಡಲೇ ಇದೇ ಕೆಲಸ — ಪ್ಲಾಸ್ಟಿಕ್ ಮೀಟರಿಗೆ ಬಾಯಿಟ್ಟು ಜೋರಾಗಿ ಊದು, ಮುಳ್ಳು ನಿಂತ ನಂಬರ್ ಫೋನಿಗೆ ಬರಿ. ನಂಬರ್ ಹೆಚ್ಚಿದ್ದಷ್ಟೂ ಉಸಿರು ಸಲೀಸು ಅಂತ. ಸಂಜೆ ಮತ್ತೆ. ಡಾಕ್ಟರಮ್ಮನ ಆಜ್ಞೆ. ಆಸ್ತಮಾ ಅಂತೆ. ನಲವತ್ತಾರಕ್ಕೆ ಹೊಸ ನೆಂಟ. "ಮರೆತ್ರೆ ಆಪೇ ಕೂಗುತ್ತಮ್ಮಾ" ಅಂದಿದ್ದಳು ಮಗಳು. ಕೂಗುತ್ತೆ. ನಮ್ಮತ್ತೆಗಿಂತ ಜೋರು.

ಮಾರ್ಚ್ 8, ಶನಿವಾರ. ಸಂಜೆ
260. ಆಪ್‌ನಲ್ಲಿ ಕೆಂಪು ಬಣ್ಣ. ಶೂ ಫ್ಯಾಕ್ಟರಿ ಲೈನಿನಲ್ಲಿ ಕೆಮ್ಮು ಹತ್ತಿ ಮೂರು ಜೊತೆ ಶೂಗೆ ಸೋಲ್ ಸೊಟ್ಟಗೆ ಅಂಟಿಸಿದೆ. ಸೂಪರ್‌ವೈಸರ್ — ನಾವೆಲ್ಲ ಮೀಸೆ ಅಂತೀವಿ — ಎಲ್ಲರೆದುರೂ ಅಂದ: "ಎದೆ ಗಟ್ಟಿ ಇಲ್ದಿದ್ರೆ ಮನೇಲಿರಿ ಅಮ್ಮಾ. ಹತ್ತೊಂಬತ್ತು ವರ್ಷ ದುಡಿದಿದ್ದು ಸಾಕು. ಇನ್ನೊಂದ್ಸಲ ಹಿಂಗಾದ್ರೆ ಬರೋದೇ ಬೇಡ." ಬಾತ್‌ರೂಮಲ್ಲಿ ಅತ್ತುಬಿಟ್ಟೆ.

ಮಾರ್ಚ್ 9, ಭಾನುವಾರ
ರಜೆ. ಸಂಜೆ 340! ಮಗಳು ಗ್ರಾಫ್ ತೆರೆದು ತುಂಬ ಹೊತ್ತು ನೋಡಿದಳು.
"ಸೋಮವಾರದಿಂದ ಇಳೀತಾ ಬಂದು ಶನಿವಾರ ತಳ ಮುಟ್ಟುತ್ತೆ. ಭಾನುವಾರ ಏರುತ್ತೆ. ಮೂರು ವಾರಾನೂ ಹೀಗೇ ಅಮ್ಮಾ. ಫ್ಯಾಕ್ಟರಿ ಗಾಳಿ ಕೆಟ್ಟಿದೆ."
ಅಂಟಿನ ವಾಸನೆ... ಮೂಗು ಅದನ್ನ ಮರೆತೇ ಎಷ್ಟು ವರ್ಷ ಆಯ್ತೋ.

ಮಾರ್ಚ್ 11, ಮಂಗಳವಾರ
ಮೀಸೆಗೆ ಗ್ರಾಫ್ ತೋರಿಸಿದೆ. "ಫೋನಲ್ಲಿ ಆಟ ಆಡೋದು ಬಿಡಿ" ಅಂದ. ಸಂಜೆ ಆಸ್ಪತ್ರೇಲಿ ಡಾಕ್ಟರಮ್ಮ ಮಾತ್ರ ಅದನ್ನ ನೋಡಿ ಕುರ್ಚಿ ಮುಂದೆ ಎಳೆದುಕೊಂಡ್ರು. "ಪಕ್ಕದವರಿಗೂ ಕೆಮ್ಮಿದ್ಯಾ?"
ಇದೆ. ಎಲ್ಲರಿಗೂ ಇದೆ. ಧೂಳು ಅಂದ್ಕೊಂಡು ಸುಮ್ನಿದ್ವಿ.

ಏಪ್ರಿಲ್ 12, ಶನಿವಾರ
ತಿಂಗಳಾಯ್ತು ಬರೆದು. ಪುರುಸೊತ್ತೆಲ್ಲಿ? ನಮ್ಮ ಟೇಬಲಿನ ಆರು ಜನಕ್ಕೂ ಆಪ್ ಕಲಿಸಿದೆ. ಮೀಟರ್‌ಗಳನ್ನ ಡಾಕ್ಟರಮ್ಮ ಕೊಟ್ರು. ಹಿರಿಯಕ್ಕ ಮೊದಲ ದಿನ ಊದೋ ಬದಲು ಒಳಗೆ ಎಳೆದುಕೊಂಡು, "ಮುಳ್ಳೇ ಅಲ್ಲಾಡ್ತಿಲ್ವಲ್ಲೇ, ನಾನು ಸತ್ತೇಹೋದ್ನಾ?" ಅಂದಳು. ನಕ್ಕೂ ನಕ್ಕೂ ಎಲ್ಲರಿಗೂ ಕೆಮ್ಮು.
ಏಳು ಫೋನ್. ನಾಲ್ಕು ವಾರ. ಐದು ಜನರದ್ದು ಅಚ್ಚು ನನ್ನ ಗ್ರಾಫೇ.

ಏಪ್ರಿಲ್ 15, ಮಂಗಳವಾರ
ಮ್ಯಾನೇಜರ್ ರೂಮು. ಏಳೂ ಫೋನ್ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಪಕ್ಕದಲ್ಲಿ ಡಾಕ್ಟರಮ್ಮನ ಪತ್ರ.
"ಸಾರ್, ಭಾನುವಾರ ನಮ್ಮ ಎದೆ ಗಟ್ಟೀನೇ ಇರುತ್ತೆ. ಸೋಮವಾರ ನಿಮ್ಮ ಕೈಗೆ ಒಪ್ಪಿಸ್ತೀವಿ. ಶನಿವಾರ ನೋಡಿ, ಹೀಗೆ ವಾಪಸ್ ಕೊಡ್ತೀರಿ."
ಇಷ್ಟು ಮಾತು ನಾನೇ ಆಡಿದ್ದಾ!
ಒಂದೊಂದೇ ಫೋನ್ ಎತ್ತಿ ನೋಡಿದ್ರು. ಐದನೆಯದಕ್ಕೆ ಬಾಗಿಲಲ್ಲಿದ್ದ ಮೀಸೆ ಕಡೆ ತಿರುಗಿ, "ಆ ಗಾಳಿ ಎಳೆಯೋ ಫ್ಯಾನ್ ಕೆಟ್ಟು ಎಷ್ಟು ದಿನ ಆಯ್ತು?"
"ಒಂದ್ ವರ್ಷ ಆಯ್ತು ಸಾರ್" ಅಂದ ಮೀಸೆ.

ಜೂನ್ 7, ಶನಿವಾರ. ಸಂಜೆ
ಹೊಸ ಫ್ಯಾನ್‌ಗಳು ಬಂದು ಮೂರು ವಾರ. ಅಂಟೂ ಬೇರೆ. ಊದಿದೆ. 390. ನಂಬಿಕೆ ಬರಲಿಲ್ಲ. ಮತ್ತೆ ಊದಿದೆ — 395. ಹಸಿರು. ಶನಿವಾರ ಹಸಿರು! ಮಗಳನ್ನ ಎತ್ತಿ ತಿರುಗಿಸೋಣ ಅಂತ ಹೋದೆ. ಆಗಲಿಲ್ಲ, ಅವಳೇ ನನ್ನನ್ನ ಎತ್ತಿದಳು.

ಜೂನ್ 9, ಸೋಮವಾರ. ಊಟದ ಬಿಡುವು
ಮೀಸೆ ನಮ್ಮ ಟೇಬಲ್ ಹತ್ತಿರ ಬಂದ. ಅತ್ತಿತ್ತ ನೋಡಿ ಜೇಬಿಂದ ಡಬ್ಬಿ ತೆಗೆದ. ಹೊಸ ಮೀಟರ್. "ಅಮ್ಮಾ... ನಂಗೂ ಒಂದು ವರ್ಷದಿಂದ ಕೆಮ್ಮು. ಹೇಗೆ ಊದೋದು, ಸ್ವಲ್ಪ ತೋರಿಸ್ತೀರಾ?"
ಅನ್ನೋಕೆ ಎಷ್ಟೋ ಇತ್ತು. ನಾಲಿಗೆ ತುದೀಲೇ ಇತ್ತು. "ಮೊದಲು ಆಪ್ ಹಾಕ್ಕೊಳ್ಳಿ" ಅಂದೆ, ಅಷ್ಟೇ.
ಅವನ ಫೋನಲ್ಲಿ ಆಪ್ ಇಳಿಯೋ ಹೊತ್ತಿಗೆ ಇಷ್ಟು ಗೀಚಿದೆ. ಆಯ್ತಂತೆ. ನಮ್ಮ ಟೇಬಲಿನ ಆರೂ ಜನ ಊಟದ ಡಬ್ಬಿ ಮುಚ್ಚಿಟ್ಟು ಸುತ್ತ ನಿಂತಿದ್ದಾರೆ. "ನೆಟ್ಟಗೆ ನಿಂತ್ಕೊಳ್ಳಿ ಸಾರ್, ಮೀಸೆ ಸರಿಸಿ!" — ಹಿರಿಯಕ್ಕ. ಊದ್ತಿದಾನೆ. ಮುಳ್ಳು —