ಹೊಳೆ ದಾಟಿದವನು

ಅಲಮೇಲು,

ನೀನು ಹಾಲಿನ ಬೂತಿನಿಂದ ಬರುವಷ್ಟರಲ್ಲಿ ನನ್ನ ಲೋಕಲ್ ರೈಲು ಹೊರಟುಹೋಗಿರುತ್ತದೆ, ಅದಕ್ಕೇ ಈ ಚೀಟಿ.

ಟಿವಿ ಆರಿಸಿದ್ದೇನೆ, ಆದರೆ ವಿಡಿಯೊ ಗೇಮಿನ ಸ್ವಿಚ್ ಮಾತ್ರ ಮುಟ್ಟಬೇಡ. ಆರಿಸಿದರೆ ಮೂರು ದಿನದ ಆಟವೆಲ್ಲ ಅಳಿಸಿಹೋಗಿ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಕಸ ಗುಡಿಸುವಾಗ ವೈರ್ ಎಳೆಯಬೇಡ ಅಂತ ಹಾಲವ್ವನಿಗೂ ಹೇಳು. ನಿನ್ನೆ ಬೆಳಿಗ್ಗೆ ಅವಳು ಆಟದೊಳಗಿನ ಮನುಷ್ಯನನ್ನು ನೋಡಿ, "ಈ ಮನಶ್ಯಾ ಬರೇ ಅಡ್ಡಾಡ್ತಾನಲ್ರೀ, ಇವಗ ಮನಿ ಇಲ್ಲೇನ್ರಿ?" ಅಂದಳಲ್ಲ, ಆಗಿನಿಂದ ತಲೆಯಲ್ಲಿ ಅದೇ ಕೊರೆಯುತ್ತಿದೆ. ಕಾಡು, ಊರು, ಬೆಟ್ಟ, ಮನಸ್ಸು ಬಂದ ಕಡೆ ಸುತ್ತಬಹುದು, ನಿಜ. ಅಷ್ಟಕ್ಕೇ ದುಡ್ಡು ಸುರಿಯಬೇಕೆ?

ಬಾಂದ್ರಾದ ಅಂಗಡಿಯವನು ಆಡಿ ನೋಡಲು ಕೊಟ್ಟ ಗಡುವು ಇವತ್ತಿಗೆ ಮುಗಿಯಿತು. ಸಂಜೆ ಆರರೊಳಗೆ ಕೊಳ್ಳಬೇಕು, ಇಲ್ಲವೇ ಹಿಂದಿರುಗಿಸಬೇಕು. "ಇದೇನ್ರೀ ಮಕ್ಕಳಾಟ, ವಾಪಸ್ ಕೊಟ್ಟು ಬನ್ನಿ" ಅಂತ ನೀನು ಅಂದಾಗಲೆಲ್ಲ ಅದೇ ಸರಿ ಅನ್ನಿಸುತ್ತದೆ. ಬೂಟು ಹಾಕಿಕೊಳ್ಳುವಷ್ಟರಲ್ಲಿ ಮನಸ್ಸು ಬದಲಾಗುತ್ತದೆ.

ಇನ್ನೊಂದು ಮಾತು. ಎಷ್ಟು ತಿಣುಕಿದರೂ ದಾಟಲಾಗದೆ, ನಿನ್ನೆ ಆ ಮನುಷ್ಯನನ್ನು ಹೊಳೆಯ ಈ ದಡದಲ್ಲೇ ಬಿಟ್ಟು ಆಫೀಸಿಗೆ ಹೋಗಿದ್ದೆ. ಸಂಜೆ ಬಂದವನು ಟಿವಿ ಹಾಕಲೇ ಇಲ್ಲ. ಈಗ ಹಾಕಿ ನೋಡಿದರೆ, ಅವನು ಬೆಟ್ಟದಾಚೆ ಸಮುದ್ರದ ದಂಡೆಯಲ್ಲಿ ಒಂದು ದೋಣಿಯ ಪಕ್ಕ ನಿಂತಿದ್ದಾನೆ! ಹಾಲವ್ವ ಆಟದ ಗುಂಡಿಗಳನ್ನು ಮುಟ್ಟುವವಳಲ್ಲ.

ಮೂರು ಗಂಟೆಗೆ ಕೆಳಗಿನ ಮನೆಗೆ ಫೋನ್ ಮಾಡುತ್ತೇನೆ. ಕೊಳ್ಳಲೋ ಬೇಡವೋ, ನೀನೇ ಹೇಳು. ಅಷ್ಟರೊಳಗೆ ಅವನನ್ನು ದೋಣಿ ಹತ್ತಿಸಿಬಿಡಬೇಡ, ನಾನೂ ಬರುತ್ತೇನೆ.

ಜಯಸಿಂಹ