ಎಡಜೇಬಿನ ಮುಚ್ಚಳ

ಫೆಬ್ರವರಿ 9, ಬೆಳಿಗ್ಗೆ 7

ಇವತ್ತಿನವರೆಗೆ ಆದ ನಷ್ಟ: ನಮ್ಮ ಕಟಿಂಗ್ ಮಾಸ್ಟರ ಬಲ ಮಣಿಕಟ್ಟಿನ ಎರಡು ಮೂಳೆ. ಸೈಕಲ್ಲಿನ ಮುಂಚಕ್ರ. ಮಾಸ್ಟರ ಹೆಂಡತಿಯ ದನಿ — ಅತ್ತೂ ಅತ್ತೂ ಕಟ್ಟಿಹೋಗಿದೆ. ಕತ್ತರಿ ಮುಟ್ಟದೆ ಬಿದ್ದಿರುವ ಖಾಕಿ ಥಾನು ಮೂರು. ಪೊಲೀಸರ ಕಡೆ ನಷ್ಟ: ಸೊನ್ನೆ.

ಯಂತ್ರಕ್ಕೆ ಎಣ್ಣೆ ಬಿಟ್ಟೆ. ನಲವತ್ತು ಗುಂಡಿಗೆ ಕಾಜ ಬಾಕಿ. ಹದಿನಾರು ವರ್ಷದಿಂದ ಈ ಠಾಣೆಯ ಸಮವಸ್ತ್ರವೆಲ್ಲ ನನ್ನ ಅಂಗಡಿಯದೇ. ತಲೆಯ ಮೇಲೆ ಖಾಕಿ ಅಂಗಿಗಳು ಸಾಲಾಗಿ ನೇತಾಡ್ತಿವೆ. ಹೊಡೆದವನ ತೋಳಿಗೂ ನಾನೇ ಇಸ್ತ್ರಿ ಹಾಕಬೇಕು. ಚೆನ್ನಾಗಿದೆ ನನ್ನ ಬಾಳು.

ಆದದ್ದಿಷ್ಟು. ಶುಕ್ರವಾರ ಮಧ್ಯಾಹ್ನ ಯಾವನೋ ದೊಡ್ಡಮನುಷ್ಯನ ಕಾರು ಬರುತ್ತೆ ಅಂತ ರಸ್ತೆ ಕಟ್ಟಿದ್ದರು. ಮಾಸ್ಟರು ಊಟ ಮುಗಿಸಿ ಸೈಕಲ್ಲಿನಲ್ಲಿ ಬರ್ತಿದ್ದರು. "ಅಂಗಡಿ ಅಲ್ಲೇ ಎದುರಿಗಿದೆ ಸಾರ್" ಅಂತ ಕೈ ಚಾಚಿ ತೋರಿಸಿದರಂತೆ. "ಎದುರು ಮಾತಾಡ್ತೀಯಾ?" ಅಂದನಂತೆ ಸಬ್ ಇನ್ಸ್‌ಪೆಕ್ಟರು. ಚಾಚಿದ ಕೈಗೇ ಲಾಠಿ ಬಿತ್ತು. ಇಪ್ಪತ್ತೆರಡು ವರ್ಷ ನನ್ನ ಬಟ್ಟೆ ಕತ್ತರಿಸಿದ ಕೈ. ಕಾಲಿಂಚು ತಪ್ಪಿದ್ದಿಲ್ಲ.

ಠಾಣೆಯ ಬರಹ: 'ಸೈಕಲ್ಲಿನಿಂದ ಬಿದ್ದು ಪೆಟ್ಟು. ಸಿಬ್ಬಂದಿ ಯಾರೂ ಹತ್ತಿರ ಇರಲಿಲ್ಲ.' ಆಸ್ಪತ್ರೆಯವರೂ ಅದನ್ನೇ ನಕಲು ಹೊಡೆದಿದ್ದಾರೆ. ರಸ್ತೆ ಬದಿ ನಿಂತಿದ್ದ ಜನ? ಎಲ್ಲರ ಕಣ್ಣಿಗೂ ಒಟ್ಟಿಗೇ ಧೂಳು ಬಿದ್ದಿತ್ತಂತೆ. ನಾನಾದರೂ ನೋಡಿದ್ದರೆ... ಒಳಗೆ ಯಂತ್ರ ತುಳೀತಿದ್ದೆ.

'ಬಿದ್ದ' ಅನ್ನೋದು ನಿಂತರೆ ಮಾಸ್ಟರಿಗೆ ಪರಿಹಾರವೂ ಇಲ್ಲ, ನ್ಯಾಯವೂ ಇಲ್ಲ. ಮೇಲಿನ ಕಚೇರಿಗೆ ದೂರು ಬರೆದು ಹಾಕಿದೆ.

ಅದೇ ದಿನ, ಸಂಜೆ 6

ನಷ್ಟದ ಲೆಕ್ಕ ತಿದ್ದಬೇಕು. ಪೊಲೀಸರ ಕಡೆ: ಜೇಬಿನ ಮುಚ್ಚಳ ಒಂದು.

ಮಾಸ್ಟರ ಹೆಂಡತಿ ಕರವಸ್ತ್ರದಲ್ಲಿ ಸುತ್ತಿ ತಂದಳು. "ಇವರ ಎಡಗೈಲಿತ್ತು ಅಕ್ಕ. ಬೀಳುವಾಗ ಹಿಡ್ಕೊಂಡಿದ್ದಂತೆ. ಮುಷ್ಟಿ ಬಿಚ್ಚಿಸೋಕೆ ನರ್ಸಿಗೇ ಆಗ್ಲಿಲ್ಲ. ಇವತ್ತು ತಾವೇ ಬಿಚ್ಚಿದ್ರು."

ಖಾಕಿ. ಗುಂಡಿಯ ಕಾಜ ನನ್ನದೇ ಕೈ. ಹರಿದ ಅಂಚಿನಲ್ಲಿ ಒಳಪದರ ಇಣುಕ್ತಿತ್ತು... ಹಳದಿ, ಅದರ ಮೇಲೆ ಕಂದು ಚುಕ್ಕಿ.

ಇದನ್ನು ಇಲ್ಲಿ ಬರೆದುಬಿಡ್ತೀನಿ, ಇನ್ನೆಲ್ಲೂ ಬರೆದಿಲ್ಲ. ಮುಚ್ಚಳ ಸೆಟೆದು ನಿಲ್ಲಲಿ ಅಂತ ಒಳಗೆ ಇನ್ನೊಂದು ಪದರ ಖಾಕಿ ಇಡಬೇಕು. ಕರಾರಿನಲ್ಲಿ ಹಾಗೇ ಇದೆ, ಖಾಕಿಯೂ ಅವರದೇ. ನಾನಿಡೋದು ಅಂಗಡಿಯ ಚೂರುಬಟ್ಟೆ. ಉಳಿದ ಖಾಕಿ ಬೇರೆಯವರ ಪ್ಯಾಂಟಾಗುತ್ತೆ. ಮೊದಲ ದಿನವೇ ಮಾಸ್ಟರು ಹೇಳಿದ್ದರು, "ಅಕ್ಕ, ಇದು ಕಳ್ಳತನ." "ಉಳಿತಾಯ ಮಾಸ್ಟ್ರೇ" ಅಂದಿದ್ದೆ.

ಫೆಬ್ರವರಿ 10

ಅಳತೆ ಪುಸ್ತಕ ತೆಗೆದೆ. ಯಾರ ಅಂಗಿಗೆ ಯಾವ ಚೂರು ಹಾಕಿದೆನೋ ಅದರದೊಂದು ತುಣುಕನ್ನು ಅವರ ಅಳತೆಯ ಪುಟಕ್ಕೆ ಗುಂಡುಸೂಜಿಯಲ್ಲಿ ಚುಚ್ಚಿಡೋದು ನನ್ನ ಅಭ್ಯಾಸ. ರಿಪೇರಿಗೆ ಬಂದಾಗ ಅದೇ ಚೂರು ಹಾಕಿದರೆ ಗುಟ್ಟು ಹೊರಬೀಳೋದಿಲ್ಲ. ಕದ್ದರೂ ಅಚ್ಚುಕಟ್ಟು ಇರಬೇಕು ನೋಡಿ.

ಹಳದಿ ಚುಕ್ಕಿ — ಪುಟ ಐವತ್ತೊಂದು. ಎದೆ ನಲವತ್ತೆರಡು. ಕತ್ತು ಹದಿನೇಳು. ಎಡಭುಜ ಅರ್ಧ ಇಂಚು ತಗ್ಗು.

ಜನರ ಹೆಸರು ನನ್ನ ತಲೆಯಲ್ಲಿ ನಿಲ್ಲೋದಿಲ್ಲ, ಎದೆಯ ಅಳತೆ ನಿಲ್ಲುತ್ತೆ. ಸಬ್ ಇನ್ಸ್‌ಪೆಕ್ಟರು ನಲವತ್ತೆರಡು. ಅವನೇ.

ಆ ಹಳದಿ ನಮ್ಮ ಟ್ರಯಲ್ ರೂಮಿನ ಪರದೆಯದು. ಹೊಲಿದ ಮೇಲೆ ಅಂಗೈಯಗಲ ಉಳಿದಿತ್ತು. ಎರಡೇ ಮುಚ್ಚಳಕ್ಕೆ ಸಾಕಾಯಿತು. ಅವನ ಎಡಕ್ಕೊಂದು, ಬಲಕ್ಕೊಂದು. ಲೋಕದಲ್ಲಿ ಇನ್ನೊಬ್ಬರ ಅಂಗಿಯಲ್ಲಿ ಅದಿಲ್ಲ.

ಸಾಕ್ಷಿ ಅಂದರೆ ಇದು. ಬಾಯಿ ಬಿಟ್ಟರೆ ಮೊದಲು ಕಳ್ಳಿ ಆಗೋಳು ನಾನು.

ಫೆಬ್ರವರಿ 11, ಮಧ್ಯಾಹ್ನ

ಊರಿಗೆ ಬಂದವಳು ನೀರಿಗೆ ಬರದೆ ಇರ್ತಾಳಾ? ಬಂತು ಅಂಗಿ!

ತಂದವರು ಠಾಣೆಯ ದಫೇದಾರರು. ಎದೆ ಮೂವತ್ತಾರು, ನಿವೃತ್ತಿಗೆ ಎಂಟು ತಿಂಗಳು, ದೇವರಂಥ ಮನುಷ್ಯ. "ಸಾಹೇಬ್ರ ಜೇಬು ಮೊಳೆಗೆ ಸಿಕ್ಕಿ ಹರೀತಮ್ಮ. ಈ ಬಣ್ಣದ ಖಾಕಿ ನಿಮ್ಮಲ್ಲಿ ಬಿಟ್ರೆ ಎಲ್ಲೂ ಇಲ್ಲ. ನಾಡಿದ್ದು ಪರೇಡು."

ರಿಪೇರಿಗೆ ಬಂದ ಬಟ್ಟೆಗೆ ರಿಪೇರಿ ಪುಸ್ತಕದಲ್ಲಿ ಎರಡು ಪ್ರತಿ ಚೀಟಿ ಬರೆಯೋದು ನಮ್ಮಲ್ಲಿ ಕಡ್ಡಾಯ. ಎಲ್ಲಿ ಹರಿದಿದೆ, ಹೇಗೆ ಹರಿದಿದೆ, ತಂದವರ ಸಹಿ. ಇಲ್ಲದಿದ್ದರೆ ನಾಳೆ ನಾವೇ ಹರಿದೆವು ಅಂತಾರೆ. ಬರೆದೆ: 'ಎಡಜೇಬಿನ ಮುಚ್ಚಳ ಇಲ್ಲ. ಕೈಯಿಂದ ಎಳೆದು ಕಿತ್ತದ್ದು.'

ದಫೇದಾರರು ಕನ್ನಡಕ ಏರಿಸಿ ಓದಿದರು. "ಮೊಳೆ ಅಂತ ಬರೀಬಾರದಾ?"

"ಮೊಳೆ ಬಟ್ಟೆ ಸೀಳುತ್ತೆ ದಫೇದಾರ್ರೇ. ಹೊಲಿಗೆ ಕೀಳೋದಿಲ್ಲ. ನೀವೇ ನೋಡಿ."

ನೋಡಲಿಲ್ಲ. ಮಾಸ್ಟರ ಖಾಲಿ ಮೇಜು ನೋಡಿದರು. ಪೆನ್ನು ಕೇಳಿದರು. ಸಹಿ ಹಾಕಿ ತಮ್ಮ ಪಾಲಿನ ಚೀಟಿ ಮಡಚಿ ಟೋಪಿಯೊಳಗೆ ಇಟ್ಟುಕೊಂಡರು.

"ಯಾವಾಗ ಸಿಗುತ್ತೆ ಅಂತ ಹೇಳ್ಲಿ?"

"ಕತ್ತರಿಸೋ ಕೈ ವಾಸಿಯಾದ ಮೇಲೆ."

ಫೆಬ್ರವರಿ 13, ಬೆಳಿಗ್ಗೆ 11

ನಲವತ್ತೆರಡು ಸ್ವತಃ ಬಂತು.

"ನನ್ನ ಅಂಗಿ ಎಲ್ಲಮ್ಮ?"

"ಚೀಟಿ ಕೊಡಿ ಸಾಹೇಬ್ರೇ."

"ಚೀಟಿ ಆ ಮುದುಕನ ಹತ್ರ. ಕಳೆದುಹೋಯ್ತಂತೆ."

"ಅಯ್ಯೋ. ಚೀಟಿ ಇಲ್ಲದೆ ನಮ್ಮಪ್ಪ ಬಂದ್ರೂ ಬಟ್ಟೆ ಕೊಡೋದಿಲ್ಲ, ನೋಡಿ."

"ನಾನೇ ತಗೊಂಡು ಹೋದ್ರೆ?"

"ಹುಡುಕ್ಕೊಳ್ಳಿ. ಎಲ್ಲಾ ಇಲ್ಲೇ ನೇತಾಡ್ತಿವೆ."

ಹುಡುಕಿದ. ಅರವತ್ತು ಅಂಗಿ, ಎಲ್ಲಾ ಖಾಕಿ. ತಿರುಗಿಸ್ತಾನೆ, ಕೊಡವ್ತಾನೆ, ಬಯ್ತಾನೆ. ಸಿಟ್ಟಿಗೆ ಎದೆ ಉಬ್ಬಿ ನಲವತ್ತಮೂರು ಮುಟ್ಟಿತ್ತು. ಅಂಗಿ ಸಿಗಲಿಲ್ಲ. ನಾನು ಅದರ ಮೇಲೇ ಕೂತಿದ್ದೆ.

ನನ್ನ ಕಣ್ಣು ಸುಮ್ಮನೆ ಅವನ ಎಡಜೇಬಿನ ಕಡೆ ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡನಂತೆ. ಈತ ಜೇಬು ಮುಟ್ಟಿಕೊಂಡ. ಆಮೇಲೆ ದನಿ ತಗ್ಗಿಸಿದ. "ದೂರು ಬರೆದಿದ್ದು ನಿನ್ನ ಅಕ್ಷರ ಅಂತ ಗೊತ್ತು. ಇಪ್ಪತ್ತಾರಕ್ಕೆ ವಿಚಾರಣೆ. ನಿನ್ನ ಕರಾರು ಈ ವರ್ಷ ನವೀಕರಣಕ್ಕೆ ಬರುತ್ತೆ, ಅಲ್ವಾ? ಯೋಚನೆ ಮಾಡು."

"ಮಾಡ್ತೀನಿ."

"ಯೂನಿಫಾರಮ್ಮಿನ ತುಂಡು ಗಿಂಡು ಹಿಡ್ಕೊಂಡು ಬರಬೇಡ. ಖಾಕಿ ಎಲ್ಲಾ ಒಂದೇ."

ಅವನು ಹೋದ ಮೇಲೆ ಎದ್ದು, ಕೆಳಗಿದ್ದ ಅಂಗಿಯನ್ನು ಅಳತೆ ಪುಸ್ತಕದ ಜೊತೆ ಪೆಟ್ಟಿಗೆಗೆ ಹಾಕಿ ಬೀಗ ಜಡಿದೆ.

ಫೆಬ್ರವರಿ 14

ಮಾಸ್ಟರ ಮನೆಗೆ ಹೋಗಿದ್ದೆ. ಪ್ಲಾಸ್ಟರು ಹಾಕಿದ ಬಲಗೈ ಬಿಳಿ ದಿಮ್ಮಿ. ತುದಿಯಲ್ಲಿ ಊದಿದ ಐದು ಬೆರಳು. ಕತ್ತರಿ ಹಿಡಿಯುವ ಹಾಗೆ ಹೆಬ್ಬೆರಳು ತಾನಾಗೇ ಮಿಸುಕುತ್ತೆ, ನೋಡಲಾಗೋದಿಲ್ಲ.

ಹಳದಿ ಚುಕ್ಕಿಯ ವಿಷಯ ಹೇಳಿದೆ. ಒಂದೇ ಕ್ಷಣಕ್ಕೆ ಎಲ್ಲಾ ಅರ್ಥವಾಯಿತು ಅವರಿಗೆ.

"ಬೇಡ ಅಕ್ಕ. ನನ್ನ ಕೈಗೋಸ್ಕರ ಅಂಗಡಿ ಮುಚ್ಚಿಸಬೇಡಿ."

"ನಿಮ್ಮ ಕೈ ಇಲ್ಲದೆ ಅಂಗಡಿ ತೆರೆದಿದೆ ಅಂತ ಯಾರಂದ್ರು?"

"ಹಾಗಾದ್ರೆ ಚೂರು ಇಟ್ಟಿದ್ದು ನಾನೇ ಅಂತೀನಿ. ಕತ್ತರಿಸಿದವನು ನಾನೇ ತಾನೇ. ನಿಮಗೆ ಗೊತ್ತಿರಲಿಲ್ಲ ಅನ್ನಿ."

ಬಾಯಿಗೆ ಬಂದ ಹಾಗೆ ಬಯ್ದೆ. ಕೈ ಮುರಿಸಿಕೊಂಡವನೂ ನೀನೇ, ಕಳ್ಳನೂ ನೀನೇ, ಇನ್ನು ನಾನ್ಯಾತಕ್ಕೆ, ಹಾರ ಹಾಕಿಸಿಕೊಳ್ಳೋಕಾ? ಮಾಸ್ಟರ ಹೆಂಡತಿ ಹೋದ ದನಿಯಲ್ಲೇ ನಕ್ಕಳು. ಏಕವಚನ ಬಂದುಬಿಟ್ಟಿತ್ತು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ.

ತೀರ್ಮಾನ ಆಯಿತು.

ಫೆಬ್ರವರಿ 26, ಸಂಜೆ 5

ಬಿಸಿ ಇರುವಾಗಲೇ ಬರೀತೀನಿ.

ವಿಚಾರಣೆ ಅಧಿಕಾರಿ ಒಬ್ಬ ಮೇಡಂ. ಮಾತು ಕಡಿಮೆ. ನಲವತ್ತೆರಡು ಕುರ್ಚಿಯಲ್ಲಿ, ಮಾಸ್ಟರು ಬೆಂಚಿನಲ್ಲಿ, ಬಾಗಿಲಲ್ಲಿ ದಫೇದಾರರು. ಮುಚ್ಚಳ ಮೇಜಿನ ಮೇಲಿಟ್ಟೆ. ಅವನು ನಕ್ಕ. "ಮೇಡಂ, ಖಾಕಿ ಎಲ್ಲಾ ಒಂದೇ. ಈಕೆಯ ಅಂಗಡಿಯಲ್ಲಿ ಇಂಥ ಚೂರು ರಾಶಿ ಬಿದ್ದಿರುತ್ತೆ."

ಅಂಗಿ ಹೊರತೆಗೆದೆ. ರಿಪೇರಿ ಪುಸ್ತಕದ ಸಹಿ ತೋರಿಸಿದೆ. ಬ್ಲೇಡು ತೆಗೆದು, "ಇದೇ ಅಂಗಿಯ ಬಲಜೇಬಿನ ಮುಚ್ಚಳದ ಹೊಲಿಗೆ ಬಿಚ್ಚಬಹುದಾ ಮೇಡಂ?" ಅಂದೆ. ತಲೆಯಾಡಿಸಿದರು. ಹನ್ನೊಂದು ಹೊಲಿಗೆ. ಖಾಕಿಯ ಹೊಟ್ಟೆಯಿಂದ ಹಳದಿ ಚುಕ್ಕಿ ಹೊರಬಂತು. ಮಾಸ್ಟರ ಎಡಗೈಯಲ್ಲಿ ಸಿಕ್ಕ ಮುಚ್ಚಳದ ಒಳಗಿದ್ದದ್ದೇ. ಪುಟ ಐವತ್ತೊಂದರಲ್ಲಿ ಚುಚ್ಚಿದ್ದದ್ದೂ ಅದೇ. ಕೊನೆಗೆ ಚೀಲದಿಂದ ಇಡೀ ಪರದೆ ತೆಗೆದು ಹರಡಿದೆ. "ಇದರ ಹಿಂದೆ ನಿಂತೇ ಮೇಡಂ, ಸಾಹೇಬ್ರು ಪ್ಯಾಂಟು ಹಾಕಿ ನೋಡಿದ್ದು."

ಬಾಗಿಲಲ್ಲಿ ಯಾರೋ ಕೆಮ್ಮಿದರು.

ಮೇಡಂ ಕೇಳಿದರು, ಕೇಳಲೇಬೇಕಿತ್ತು: "ಸಮವಸ್ತ್ರದೊಳಗೆ ಪರದೆ ಬಟ್ಟೆ ಹೇಗೆ ಬಂತು?"

"ನಾನು ಖಾಕಿ ಕದ್ದೆ ಮೇಡಂ. ಹದಿನಾರು ವರ್ಷ. ಮಾಸ್ಟರು ಬೇಡ ಅಂದಿದ್ದರು. ಬರ್ಕೊಳ್ಳಿ."

ಬರೆದುಕೊಂಡರು. ನಾನು ಓದಿ ನೋಡಿ ಸಹಿ ಹಾಕಿದೆ. ನಲವತ್ತೆರಡು ಎದ್ದು ನಿಂತು, "ಕಳ್ಳಿ ಮಾತು ನಂಬ್ತೀರಾ?" ಅಂತ ಕೂಗಿತು.

ಆಗ ದಫೇದಾರರು ಒಳಗೆ ಬಂದರು. ಟೋಪಿ ತೆಗೆದರು. ಅದರೊಳಗಿಂದ ಆ ಕಳೆದುಹೋದ ಚೀಟಿ. "ಸಹಿ ನಂದೇ ಮೇಡಂ. ಮೊಳೆ ಅಲ್ಲ. ಸಾಹೇಬ್ರು ಹೊಡೆದಾಗ ನಾನು ಅಲ್ಲೇ ಮೂರು ಅಡಿ ದೂರದಲ್ಲಿದ್ದೆ."

ಮಾರ್ಚ್ 19

ಮೂರು ವಾರ ಬರೆಯಲಿಲ್ಲ. ಹೊಲಿಯಲು ಖಾಕಿಯೇ ಇಲ್ಲದಾಗ ಬರೆಯೋದೇನು. ಹ್ಯಾಂಗರುಗಳು ಬರೀ ಪ್ರಶ್ನೆಚಿಹ್ನೆ.

ಇವತ್ತು ಆದೇಶ ಕೈಗೆ ಬಂತು. ಯಾರಿಗೆ ಏನು ಸಿಕ್ಕಿತು ಅಂತ ಬರೆದು ಮುಗಿಸ್ತೀನಿ.

ನಲವತ್ತೆರಡಕ್ಕೆ: ಅಮಾನತು. ಮೇಲೆ ಮೊಕದ್ದಮೆ.

ದಫೇದಾರರಿಗೆ: ಕೊನೆಯ ಏಳು ತಿಂಗಳಿಗೆ ದೂರದ ಠಾಣೆ. ಹೋಗುವ ಮೊದಲು ಬಂದು ಬಿಳಿ ಅಂಗಿಗೆ ಅಳತೆ ಕೊಟ್ಟರು. "ಒಳಗೆ ಚೂರು ಇಟ್ರೂ ಪರವಾಗಿಲ್ಲಮ್ಮ" ಅಂದರು.

ರಸ್ತೆಯ ಜನಕ್ಕೆ: ಕಣ್ಣಿನ ಧೂಳು ಹೋಗಿದೆ. ಈಗ ಎಲ್ಲರೂ ನೋಡಿದ್ದರಂತೆ.

ಮಾಸ್ಟರಿಗೆ: ಒಂದು ಸಾಲು. 'ಬಿದ್ದದ್ದಲ್ಲ, ಹೊಡೆತದಿಂದ ಮುರಿದದ್ದು.' ಅದರ ಮೇಲೆ ಪರಿಹಾರ ಬರುತ್ತೆ, ಕೈ ಬರೋದಿಲ್ಲ. ನಿನ್ನೆಯಿಂದ ಹಳೇ ಪೇಪರಿನ ಮೇಲೆ ಎಡಗೈಯಲ್ಲಿ ಗೆರೆ ಎಳೀತಿದ್ದಾರೆ. ನಿನ್ನೆ ಹಾವು, ಇವತ್ತು ಹಗ್ಗ.

ಪರದೆಗೆ: ಮತ್ತೆ ಅದರ ಜಾಗ.

ನನಗೆ: ಕರಾರು ರದ್ದು. ಕದ್ದ ಖಾಕಿಯ ಬೆಲೆಯಷ್ಟು ವಾಪಸ್ ಕಟ್ಟಬೇಕು. ಸರಿಯಾಗೇ ಇದೆ. ಇನ್ನೊಂದು ಸಿಕ್ಕಿದೆ, ಹಗುರಾದ ಎದೆ; ಅದನ್ನು ಯಾವ ಕಾಲಮ್ಮಿನಲ್ಲಿ ಹಾಕೋದು ಅಂತ — ಇರು, ಮಾಸ್ಟರು ಕರೀತಿದ್ದಾರೆ. ಎಡಗೈಯಲ್ಲಿ ಹಿಡಿಯೋ ಕತ್ತರಿ ಬಂತಂತೆ.